ಗುಡಿಸದೆ ಬಿಟ್ಟ ಎರಡು ಸಾಲು

ನಮ್ಮ ಮನೆ ಕಡಲ ದಂಡೆಯಲ್ಲಿತ್ತು ಎಂದರೆ ಕೇಳಿದವರು ಕಿಟಕಿ ತೆರೆದ ಕೂಡಲೇ ಅಲೆ ಕಾಣುವ ಮನೆಯೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡುಬಿಡುತ್ತಾರೆ. ಅದನ್ನು ಮೊದಲೇ ಕೆಡವಿಬಿಡುತ್ತೇನೆ. ನಮ್ಮ ಮನೆಯಿಂದ ಕಡಲು ಕಾಣುತ್ತಿರಲಿಲ್ಲ, ಬರೀ ಕೇಳುತ್ತಿತ್ತು. ಧಾರೇಶ್ವರ ದಾಟಿ ಹೊನ್ನಾವರದ ಕಡೆ ಬರುವಾಗ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ಇಪ್ಪತ್ತೆಂಟು ಮನೆಗಳ ಒಂದು ಕೇರಿ. ಕೇರಿಯ ಬೆನ್ನಿಗೆ ಮನೆಯ ಮಾಡಿಗಿಂತ ಎತ್ತರದ ಮರಳ ದಿಬ್ಬ. ದಿಬ್ಬದ ತುಂಬ ಅರಣ್ಯ ಇಲಾಖೆಯವರು ನೆಡಿಸಿದ ಗಾಳಿಮರಗಳು. ಅವುಗಳ ಆಚೆ ಕಡಲು. ಮಳೆಗಾಲದಲ್ಲಿ ಅಲೆಯ ಸದ್ದು ಯಾವುದು, ಗಾಳಿಮರದ ಸದ್ದು ಯಾವುದು ಎಂದು ಬೇರ್ಪಡಿಸಲು ನನಗೆ ಕೊನೆಯವರೆಗೂ ಬರಲಿಲ್ಲ. ಅತ್ತೆಗೆ ಬರುತ್ತಿತ್ತಂತೆ. ‘ಅಂತೆ’ ಎಂದು ಬೇಕೆಂದೇ ಬರೆದೆ, ಏಕೆಂದರೆ ಅದನ್ನು ಪರೀಕ್ಷಿಸುವ ದಾರಿ ನನಗಿರಲಿಲ್ಲ. ಮೂವತ್ತು ತುಂಬದವಳು ಬಾಲ್ಯದ ಬಗ್ಗೆ ಬರೆಯಲು ಕೂತರೆ ಓದುವವರು ನಗಬಹುದು. ನಗಲಿ. ಆ ದಿಬ್ಬದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ, ಅದೂ ಮೈಕಿನ ಮುಂದೆ ನಿಂತು ಮಾಡಿದೆ, ಮಾಡಿದ್ದಕ್ಕೆ ಮೊದಲ ಬಹುಮಾನವನ್ನೂ ತೆಗೆದುಕೊಂಡೆ. ಇದನ್ನು ಹೇಳಿಕೊಳ್ಳಲು ತಲೆ ಹಣ್ಣಾಗುವವರೆಗೆ ಕಾಯಬೇಕೆಂದು ನನಗೆ ಅನ್ನಿಸಿಲ್ಲ.

ಮನೆಯಲ್ಲಿ ನಾವು ನಾಲ್ವರು. ಅಮ್ಮ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಕುಮಟೆಯ ಬಸ್ಸು ಹತ್ತಿದರೆ ಮರಳುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿಗೆ. ಆದ್ದರಿಂದ ಅಡುಗೆಮನೆ, ಬಚ್ಚಲು, ಹಿತ್ತಿಲು, ನಾನು, ಎಲ್ಲವೂ ಅತ್ತೆಯ ಆಡಳಿತಕ್ಕೆ ಸೇರಿದ್ದವು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮಾವಳ್ಳಿಯಿಂದ ಒಂದು ಟ್ರಂಕು, ಎರಡು ತಾಮ್ರದ ಕೊಡ ತಂದು ತಮ್ಮನ ಮನೆ ಸೇರಿದವಳು. ಗ್ಯಾಸಿನ ಒಲೆ ನಮ್ಮಲ್ಲೂ ಇತ್ತು, ಆದರೆ ಅದು ಚಹಕ್ಕೆ ಮತ್ತು ನೆಂಟರು ಬಂದಾಗಿನ ಅವಸರಕ್ಕೆ. ಅನ್ನ ಬೇಯುತ್ತಿದ್ದುದು, ಹಂಡೆಯ ನೀರು ಕಾಯುತ್ತಿದ್ದುದು ಗಾಳಿಮರದ ದರಕಿನಿಂದ. ಗಾಳಿಮರಕ್ಕೆ ಅಗಲದ ಎಲೆಯಿಲ್ಲ, ಹಸಿರು ದಾರದಂಥ ಕಡ್ಡಿಗಳಿರುತ್ತವೆ. ಅವು ಒಣಗಿ ಉದುರಿ ಮರಳ ಮೇಲೆ ಕಂದು ಹಾಸಿಗೆಯಾಗಿ ಬೀಳುತ್ತವೆ. ಒಣಗಿ ಉದುರಿದ್ದಕ್ಕೆಲ್ಲ ನಮ್ಮ ಕಡೆ ದರಕು ಎಂದೇ ಹೆಸರು. ಒಂದು ಹಿಡಿ ಒಲೆಗೆ ತುರುಕಿದರೆ ಬುಸ್ಸೆಂದು ಉರಿದು ಅಷ್ಟೇ ಬೇಗ ಆರುತ್ತಿತ್ತು, ಹಾಗಾಗಿ ಒಲೆಯ ಮುಂದೆ ಒಬ್ಬರು ಕೂತೇ ಇರಬೇಕು. ಆ ಬೂದಿಯ ಕೆಂಡದಲ್ಲಿ ಅತ್ತೆ ಬಂಗಡೆ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಮೆಣಸು ಕಾಯೆಣ್ಣೆ ಹಚ್ಚಿ ಗಂಜಿಯ ಪಕ್ಕ ಇಡುತ್ತಿದ್ದಳು. ನಾನು ಆಮೇಲೆ ಎಷ್ಟೋ ಊರಲ್ಲಿ ಮೀನು ತಿಂದಿದ್ದೇನೆ. ಆ ರುಚಿ ಇನ್ನೆಲ್ಲೂ ಸಿಗಲಿಲ್ಲ ಎಂದು ಬರೆದರೆ ಅದು ನೆನಪಿನ ಪಕ್ಷಪಾತ ಎಂದು ನಾನೇ ಆಕ್ಷೇಪಿಸುತ್ತೇನೆ, ಆದರೂ ಸಿಗಲಿಲ್ಲ.

ಈಗ ವಿರೋಧಾಭಾಸಕ್ಕೆ ಬರುತ್ತೇನೆ. ಆ ದರಕನ್ನು ಯಾರೂ ಮುಟ್ಟದಂತೆ ಕಾಯುವುದೇ ನಮ್ಮ ಅಪ್ಪನ ಕೆಲಸ. ಆತ ಇಲಾಖೆಯ ದಿನಗೂಲಿ ವಾಚರ್. ಕಾಕಿ ಅಂಗಿ, ಲುಂಗಿ, ಒಂದು ಹಳೆಯ ಸೈಕಲ್. ದಿಬ್ಬದ ಗಾಳಿಮರಗಳು ಗೇಣುದ್ದ ಇದ್ದಾಗ ನೆಟ್ಟವರಲ್ಲಿ ಅಪ್ಪನೂ ಒಬ್ಬ. ಎರಡು ಬೇಸಿಗೆ ಕೇರಿಯ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದವನು. ನೆಡುತೋಪಿನಿಂದ ದರಕು ಒಯ್ಯಬಾರದೆಂದು ನಿಯಮ. ಕೇರಿಯ ಇಪ್ಪತ್ತೆಂಟು ಮನೆಗಳ ಹೆಂಗಸರೂ ಬೆಳಿಗ್ಗೆ ಹೆಡಿಗೆ ಎಂಬ ದೊಡ್ಡ ಬುಟ್ಟಿ ಹೊತ್ತು, ಕಡ್ಡಿಹಿಡಿ ಪೊರಕೆ ಹಿಡಿದು ದಿಬ್ಬ ಹತ್ತುತ್ತಿದ್ದರು. ನಮ್ಮ ಅತ್ತೆ ಎಲ್ಲರಿಗಿಂತ ಮುಂದೆ. ದರಕು ಗುಡಿಸುವ ಸದ್ದು ನಮ್ಮ ಹಿತ್ತಿಲಿಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಡಗು ದಿಕ್ಕಿನಿಂದ ಅಪ್ಪನ ಸೈಕಲ್ಲಿನ ಗಂಟೆ ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಮರಳಿನಲ್ಲಿ ಸೈಕಲ್ ಓಡುವುದಿಲ್ಲ. ಅಪ್ಪ ಅದನ್ನು ತಳ್ಳಿಕೊಂಡು ಬರುತ್ತಿದ್ದ, ಎದುರಿಗೆ ಒಂದು ನಾಯಿಯೂ ಇಲ್ಲದ ಕಡೆ ಗಂಟೆ ಬಾರಿಸುತ್ತಿದ್ದ. ಆ ಸದ್ದಿಗೆ ಹೆಂಗಸರು ಹೆಡಿಗೆ ತಲೆಗೇರಿಸಿ ತೆಂಕಿನ ದಾರಿಯಿಂದ ಇಳಿದುಬಿಡುತ್ತಿದ್ದರು. ಅಪ್ಪ ಬಂದು ನೋಡಿದಾಗ ತೋಪು ಖಾಲಿ. ಮಧ್ಯಾಹ್ನ ಅದೇ ದರಕಿನಲ್ಲಿ ಬೆಂದ ಅನ್ನ ಅಪ್ಪನ ಬಟ್ಟಲಲ್ಲಿ. ಯಾರೂ ಈ ವಿಷಯ ಎತ್ತುತ್ತಿರಲಿಲ್ಲ. ನಾನು ಎತ್ತುವ ವಯಸ್ಸಿಗೆ ಬಂದೆ.

ಎಂಟನೇ ತರಗತಿಯಲ್ಲಿ ನಮ್ಮ ಕನ್ನಡ ಮಾಸ್ತರು ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದರು. ಅವರ ಪಾಠ ಮೂರೇ ಮಾತಿನದು: ಸಾಕ್ಷಿ ಇಲ್ಲದೆ ಬಾಯಿ ತೆರೆಯಬೇಡ, ಎದುರಾಳಿ ಉಸಿರು ತೆಗೆದುಕೊಳ್ಳುವಾಗ ನುಗ್ಗು, ಯಾವ ಪಕ್ಷ ಕೊಟ್ಟರೂ ಅದು ನಿನ್ನದೇ ಎನ್ನುವ ಹಾಗೆ ಮಾತಾಡು. ನಾನು ಅದನ್ನು ಶಾಲೆಯಲ್ಲಿ ಕಲಿತು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ದಿಬ್ಬದ ಬುಡದಲ್ಲಿ ಹೊನ್ನೆಮರದ ಕೆಳಗೊಂದು ಕೇರಿ ಕಾಯುವ ದೈವ ಜಟಕನ ಕಲ್ಲು ಇತ್ತು. ಮಳೆಗಾಲವಿಡೀ ಯಾರೂ ದರಕು ಗುಡಿಸುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಆ ಕಲ್ಲಿಗೊಂದು ಕಾಯಿ ಒಡೆದು ಆಮೇಲೆಯೇ ಹೆಡಿಗೆ ಎತ್ತುವುದು ಕೇರಿಯ ಪದ್ಧತಿ. ಆ ವರ್ಷ ಅತ್ತೆ ಕಾಯಿ ಸುಲಿಯುತ್ತಿದ್ದಾಗ ನಾನು ಎದುರು ನಿಂತೆ.

“ಅತ್ತೆ, ಇಲಾಖೆಯ ತೋಪಿಂದ ದರಕು ತರೂದು ಕಳ್ಳತನ ಹೌದಾ ಅಲ್ದಾ?”

“ಹೋಗೆ, ಕತ್ತಿ ಕೊಡು ಇತ್ಲಾಗೆ.”

“ಹೌದಾ ಅಲ್ದಾ ಅಂತ ಒಂದು ಮಾತು ಹೇಳು. ಹೌದಾದ್ರೆ, ಕಳ್ಳತನಕ್ಕೆ ಮೊದ್ಲು ಕಾಯಿ ಒಡದ್ರೆ ಅದು ಪುಣ್ಯ ಆಗ್ತದಾ? ಅಲ್ಲ ಅಂದ್ರೆ, ಅಪ್ಪ ಗಂಟೆ ಹೊಡದ ಕೂಡ್ಲೆ ನೀ ಎಂತಕೆ ಓಡೂದು?”

ಜಗುಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ಕೆಮ್ಮಿದ. ಅತ್ತೆ ಕಾಯಿಯ ಜುಟ್ಟು ಕಿತ್ತು ಅದನ್ನು ನನ್ನತ್ತ ಎಸೆದಳು.

“ತಮ್ಮಾ, ಈ ವರ್ಷ ಜಟಕಂಗೆ ಬೇಡ, ನಿನ್ ಮಗಳ ಬಾಯಿಗೇ ಕಾಯಿ ಒಡೆಯೂದು ಚೊಲೊ. ವಕೀಲಮ್ಮ! ಅನ್ನ ಉಂಬುವಾಗ ಇಷ್ಟು ಪ್ರಶ್ನೆ ಬರೂದಿಲ್ಲಲೆ ನಿಂಗೆ?”

ಅಪ್ಪ ನಕ್ಕು, “ಕೇಳ್ಲಿ ಬಿಡೆ ಅಕ್ಕಾ. ನಾಲಿಗೆಗೆ ತುಕ್ಕು ಹಿಡಿಯೂಕಾಗ” ಎಂದ. ಉತ್ತರ ಮಾತ್ರ ಇಬ್ಬರೂ ಕೊಡಲಿಲ್ಲ. ಉತ್ತರ ಕೊಡದಿದ್ದರೆ ಪ್ರತಿಪಕ್ಷ ಸೋಲೊಪ್ಪಿಕೊಂಡಂತೆ ಎಂದು ಮಾಸ್ತರು ಹೇಳಿದ್ದರು. ನಾನು ಗೆದ್ದೆ ಎಂದುಕೊಂಡೆ.

ಆ ವರ್ಷ ಹೈಸ್ಕೂಲು ಮಕ್ಕಳಿಗೆ ಕಾಡು ತೋರಿಸುವ ಎರಡು ದಿನದ ಕಾರ್ಯಕ್ರಮವೊಂದನ್ನು ಇಲಾಖೆಯವರು ಇಟ್ಟುಕೊಂಡರು. ಭಟ್ಕಳದಿಂದ ಕುಮಟೆಯ ತನಕದ ಶಾಲೆಗಳಿಂದ ಆಯ್ದ ಮಕ್ಕಳು, ಎರಡು ಬಸ್ಸು, ತಲೆಗೊಂದು ಹಸಿರು ಟೊಪ್ಪಿ. ಮೊದಲ ದಿನ ಕತಗಾಲದ ಮೇಲೆ ಸಿರಸಿ ರಸ್ತೆಯ ಕಾಡು. ಅಲ್ಲಿ ತಗ್ಗಿನ ಜವುಗಿನಲ್ಲಿ ಮರಗಳು ಬೇರನ್ನು ಮಂಡಿಯ ಹಾಗೆ ನೀರಿನ ಮೇಲಕ್ಕೆ ಎತ್ತಿ ನಿಂತಿದ್ದವು. ವಿವರಿಸುತ್ತಿದ್ದವರು “ಈ ಮರಗಳು ಉಸಿರಾಡಲು ಬೇರು ಎತ್ತಿವೆ” ಎಂದರು, “ಎತ್ತಿವೆ ಅಂದ್ರೆ ಮರಕ್ಕೆ ಉದ್ದೇಶ ಇದೆ ಅಂತಲಾ ಸರ್?” ಎಂದು ನಾನು ಕೇಳಿದೆ, ಬಸ್ಸಿನ ಅರ್ಧ ಮಕ್ಕಳು ಉಸ್ಸೆಂದರು. ಮರುದಿನ ಬೆಳಿಗ್ಗೆ ಹೊನ್ನಾವರದ ಶರಾವತಿ ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ದಾರಿಯಲ್ಲಿ ನಡೆದೆವು. ಇಳಿತದ ಕೆಸರಿನಲ್ಲಿ ಒಂದೇ ಕೈ ದೊಡ್ಡದಾದ ಏಡಿಗಳು ನಮಗೆ ಕೈ ಬೀಸಿದವು. ಮಧ್ಯಾಹ್ನ ನಮ್ಮದೇ ಕೇರಿಯ ದಿಬ್ಬ! ಹುಟ್ಟಿದಾಗಿನಿಂದ ನೋಡಿದ ಮರಳನ್ನು ಟೊಪ್ಪಿ ಹಾಕಿಕೊಂಡು ನೋಡಲು ನನಗೆ ನಾಚಿಕೆಯಾಗಿತ್ತು. ಗೆಳತಿಯರ ಜೊತೆ ನೆರಳಲ್ಲಿ ಕೂತು, ಆಮೇಲಿನ ಚರ್ಚೆಗೆ ಚೀಟಿ ಬರೆಯುತ್ತ, ತೋಪಿನ ಕೇರಿಯ ಬದಿಯ ನಾಲ್ಕು ಮರ ದಾಟಿ ಮುಂದೆ ಹೋಗಲೇ ಇಲ್ಲ. ಇದನ್ನು ನನ್ನ ವಿರುದ್ಧದ ಸಾಕ್ಷಿ ಎಂದು ಬರೆದುಕೊಳ್ಳಿ.

ಚರ್ಚೆ ನಡೆದದ್ದು ಹೆದ್ದಾರಿಯ ಪಕ್ಕದ ಒಂದು ಸಭಾಭವನದಲ್ಲಿ. ವಿಷಯ: ಕಾಡು ಉಳಿಯಬೇಕಾದರೆ ಜನರನ್ನು ಅದರಿಂದ ಹೊರಗಿಡಬೇಕು. ನನಗೆ ಪರ. ವಿರೋಧಕ್ಕೆ ಕತಗಾಲದ ಒಂದು ಹುಡುಗಿ. ದೊಡ್ಡ ಕನ್ನಡಕ, ಅವಸರವಿಲ್ಲದ ಮಾತು. ಜನ ಕಾಡನ್ನು ಬಳಸುತ್ತಾರೆ, ಆದ್ದರಿಂದಲೇ ಕಾಯುತ್ತಾರೆ, ಬಳಕೆಗೆ ಅವರದೇ ಲೆಕ್ಕಾಚಾರಗಳಿರುತ್ತವೆ ಎಂದು ಹೇಳಿ, “ಇದು ಸುಳ್ಳು ಎನ್ನುವುದಕ್ಕೆ ಪರ ಪಕ್ಷದವರು ಒಂದು ಸಾಕ್ಷಿ ಕೊಡಲಿ” ಎಂದು ಕೂತಳು. ಸಭೆ ಚಪ್ಪಾಳೆ ತಟ್ಟಿತು. ನನ್ನ ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಚೀಟಿ ಮಡಚಿಟ್ಟೆ.

“ಸಾಕ್ಷಿ ಕೇಳಿದರು. ಸಾಕ್ಷಿ ಇಲ್ಲಿಯೇ ನಿಂತಿದೆ, ನಾನೇ. ನೀವು ಈಗ ನೋಡಿಬಂದ ದಿಬ್ಬದ ದರಕು ನಮ್ಮ ಮನೆಯ ಒಲೆಯಲ್ಲಿ ಉರಿಯುತ್ತದೆ. ಅದನ್ನು ಕಾಯುವವರು ನನ್ನ ತಂದೆ. ಕದಿಯುವವರು ನನ್ನ ಅತ್ತೆ. ತಂದೆ ಬರುವ ಮುನ್ನ ಸೈಕಲ್ ಗಂಟೆ ಬಾರಿಸುತ್ತಾರೆ, ಅತ್ತೆ ಓಡಿಹೋಗುತ್ತಾರೆ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಾರೆ. ಇದೇ ನಮ್ಮ ಪ್ರತಿಪಕ್ಷದವರು ಹೇಳಿದ ಜನರ ಕಾವಲು!”

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ತೀರ್ಪುಗಾರರಾಗಿ ಕೂತಿದ್ದ ಇಲಾಖೆಯ ವಲಯದ ಸಾಹೇಬರು ಮಾತ್ರ ನಗದೆ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ನಾನು ನಮಸ್ಕರಿಸಿ ತಲೆ ಎತ್ತಿದಾಗ ಭವನದ ಹಿಂದಿನ ಬಾಗಿಲ ಹತ್ತಿರ ಮಕ್ಕಳಿಗೆ ಹಂಚಲು ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ ಅಪ್ಪ ಕಂಡ. ಆ ದಿನ ಆತನಿಗೆ ಅಲ್ಲಿ ಡ್ಯೂಟಿ. ಬುಟ್ಟಿಯನ್ನು ನೆಲಕ್ಕಿಟ್ಟು, ಎಲ್ಲರೂ ತಟ್ಟುತ್ತಿದ್ದಾರೆಂದು, ಅಪ್ಪನೂ ಚಪ್ಪಾಳೆ ತಟ್ಟುತ್ತಿದ್ದ.

ಬಹುಮಾನ ತೆಗೆದುಕೊಂಡು ಹೊರಬಂದಾಗ ಕತಗಾಲದ ಹುಡುಗಿ ನಲ್ಲಿಯ ಹತ್ತಿರ ಕನ್ನಡಕ ತೊಳೆಯುತ್ತಿದ್ದಳು. “ನೀ ಗೆದ್ದಿದ್ದಕ್ಕೆ ಎಂಗೆ ಬೇಜಾರಿಲ್ಲೆ. ಆದ್ರೆ ಆ ಸಾಹೇಬ್ರು ಎಲ್ಲಾ ಕೇಳ್ಕಂಡಿದ್ದ. ನಿನ್ನ ಅಪ್ಪಂಗೆ ಎಂತ ಆಗ್ತು ಈಗ?” ಎಂದಳು. ಆ ಪ್ರಶ್ನೆ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹೊಳೆದಿರಲಿಲ್ಲ.

ಮನೆಯಲ್ಲಿ ಬೈಗುಳಕ್ಕೆ ತಯಾರಾಗಿ ಹೋದೆ. ಬೈಯಲಿಲ್ಲ. ನನಗಿಂತ ಮೊದಲು ಸುದ್ದಿ ಕೇರಿ ಮುಟ್ಟಿತ್ತು. ಅಪ್ಪ ಬಹುಮಾನದ ಪುಸ್ತಕವನ್ನು ಕೈ ಒರೆಸಿಕೊಂಡು ತೆರೆದು, ಹಕ್ಕಿಗಳ ಚಿತ್ರ ಒಂದೊಂದಾಗಿ ನೋಡಿ, ಮತ್ತೆ ಕಪಾಟಿನಲ್ಲಿಟ್ಟ. ಸಾಹೇಬರು ಮೂರು ದಿನ ಕೆಲಸಕ್ಕೆ ಬರಬೇಡ, ನಾನೇ ಬಂದು ನೋಡುತ್ತೇನೆ ಎಂದಿದ್ದರಂತೆ. ಅತ್ತೆ ಆ ಸಂಜೆ ಹಂಡೆಗೆ ಬೆಂಕಿ ಹಾಕಲಿಲ್ಲ. ಅಪ್ಪ ತಣ್ಣೀರು ಸುರಿದುಕೊಂಡು ಬಂದ. ಮರುದಿನ ಬೆಳಿಗ್ಗೆ ಹಿತ್ತಿಲಿಗೆ ದರಕು ಗುಡಿಸುವ ಸದ್ದು ಕೇಳಲಿಲ್ಲ. ಇಡೀ ಕೇರಿ ಗ್ಯಾಸಿನ ಮೇಲೆ ಅನ್ನ ಬೇಯಿಸಿತು, ಗ್ಯಾಸು ಇಲ್ಲದ ಮನೆಯವರು ಪಕ್ಕದವರಲ್ಲಿ ಬೇಯಿಸಿಕೊಂಡರು. ಅಮ್ಮ ಬುಟ್ಟಿ ಎತ್ತುವಾಗ “ಆ ಮರಗಳನ್ನ ನಿನ್ನಪ್ಪ ನಿನಗಿಂತ ಮುಂಚೆ ಸಾಕಿದ್ದು, ಗೊತ್ತಿರ್ಲಿ” ಎಂದು ಹೇಳಿ ಬಸ್ಸಿಗೆ ಹೋದಳು. ಎರಡನೆಯ ದಿನ ನನಗೆ ತಡೆಯಲಾಗಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಜಗಳ ತೆಗೆದೆ.

“ನಾ ಹೇಳಿದ್ದು ಸುಳ್ಳಾ?”

“ಸುಳ್ಳಂತ ಯಾರು ಹೇಳಿದ್ರೆ ನಿಂಗೆ?”

“ಮತ್ತೆ ಎಂತಕೆ ಯಾರೂ ಮಾತಾಡೂದಿಲ್ಲ? ಗಂಟೆ ಹೊಡೀತಾ ಇದ್ದದ್ದು ಹೌದಲ್ಲ? ನೀವು ಓಡ್ತಾ ಇದ್ದದ್ದು ಹೌದಲ್ಲ?”

“ಓಡೂದು?” ಅತ್ತೆ ಮೊದಲ ಸಲ ನನ್ನ ಮುಖ ನೋಡಿದಳು. “ನಾ ಯಾವತ್ತು ಓಡಿದ್ನೆ? ಈ ಮಂಡಿ ಇಟ್ಕಂಡು? ಗಂಟೆ ಆತು ಅಂದ್ರೆ ಸಾಕು ಅಂತ. ಒಂದು ಮನೆಗೆ ಒಂದೇ ಹೆಡಿಗೆ. ಯಾರಾದ್ರೂ ಎರಡನೇದಕ್ಕೆ ಕೈ ಹಾಕೂಕೆ ಮೊದ್ಲೇ ಅಂವ ಗಂಟೆ ಹೊಡೀತಿದ್ದ.”

“ಹಾಗಾದ್ರೆ ಅಪ್ಪ ಅದನ್ನ ನೇರ ಹೇಳ್ಬಹುದಿತ್ತಲ್ಲ, ಒಂದು ಹೆಡಿಗೆ ತಕಳ್ಳಿ ಅಂತ?”

“ಹೇಳಿದ್ರೆ ಅಂವ ಬಿಟ್ಟಂಗೆ ಆತಲೆ. ಬಿಟ್ರೆ ಅಂವಂದು ಕೆಲ್ಸ ಹೋತು. ಬಿಡದಿದ್ರೆ ಕೇರಿ ಒಲೆ ಹೋತು. ಅದಕೆ ಬಾಯಲ್ಲಿ ಹೇಳದೆ ಗಂಟೆಲಿ ಹೇಳೂದು. ನಿಂಗೆ ಬಾಯಿ ಬಿಟ್ರೆ ಬೇರೆ ಎಂತದೂ ಇಲ್ಲ ಅಂತ ಮಾಡಿದ್ಯಾ?” ಅವಳು ಸೆರಗಿನಿಂದ ಒಲೆಯ ಕಟ್ಟೆ ಒರೆಸಿದಳು, ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ. “ಹೋಗ್ಲಿ, ನೀ ಕಡಲ ಬದಿ ಸಾಲು ನೋಡಿದ್ಯಾ?”

ನಾನು ನೋಡಿರಲಿಲ್ಲ.

ಸಾಹೇಬರು ಮೂರನೆಯ ದಿನ ಬೆಳಿಗ್ಗೆ ಜೀಪಿನಲ್ಲಿ ಬಂದರು. ಧಾರವಾಡದ ಕಡೆಯವರು, ಬೆವರಿಗೆ ಒಗ್ಗದ ಮನುಷ್ಯ, ಕೈಯಲ್ಲಿ ಯಾವಾಗಲೂ ಒಂದು ಕರವಸ್ತ್ರ. ಜಗುಲಿಯಲ್ಲಿ ಅತ್ತೆ ಕೊಟ್ಟ ಬೆಲ್ಲ ನೀರು ಕುಡಿದು, “ಅಷ್ಟು ಮಂದಿ ಮುಂದ ಹೇಳಿದ ಮ್ಯಾಲೆ ಕೇಳಲಿಲ್ಲ ಅನ್ನಾಕ ನನಗ ಬರಂಗಿಲ್ಲ ನೋಡ್ರಿ” ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿ, “ನೀನೂ ಬಾರವ್ವಾ. ಸಾಕ್ಷಿ ನೀನೇ ಅಲ್ಲೇನು?” ಎಂದರು. ಹೀಗೆ ನಾವು ನಾಲ್ವರು ದಿಬ್ಬ ಹತ್ತಿದೆವು, ಸಾಹೇಬರು ಮುಂದೆ, ಅಪ್ಪ ಅವರಿಗಿಂತ ಎರಡು ಹೆಜ್ಜೆ ಹಿಂದೆ, ಅತ್ತೆ ಮಂಡಿ ಹಿಡಿದುಕೊಂಡು, ನಾನು ಕೊನೆಯಲ್ಲಿ.

ಕೇರಿಯ ಬದಿಯ ಸಾಲುಗಳಲ್ಲಿ ಮರಳು ಅಂಗಳದ ಹಾಗೆ ಸ್ವಚ್ಛವಾಗಿತ್ತು. ಕಡ್ಡಿಹಿಡಿಯ ಗೀರು ಕೂಡ ಕಾಣುತ್ತಿತ್ತು. ಸಾಹೇಬರು ನಿಂತು ಅದನ್ನು ನೋಡಿ “ಹ್ಞೂಂ” ಎಂದರು. ನಡುವಿನ ಸಾಲುಗಳಲ್ಲಿ ದರಕು ತೆಳುವಾಗಿ ಹರಡಿತ್ತು. ದಿಬ್ಬದ ನೆತ್ತಿ ದಾಟಿ ಕಡಲ ಬದಿಗೆ ಇಳಿಯುತ್ತಿದ್ದಂತೆ ಹೆಜ್ಜೆಯ ಸದ್ದೇ ನಿಂತಿತು. ಕೊನೆಯ ಎರಡು ಸಾಲುಗಳ ಬುಡದಲ್ಲಿ ದರಕು ಕಣಕಾಲು ಹೂಳುವಷ್ಟು ದಪ್ಪ ಬಿದ್ದಿತ್ತು, ವರ್ಷಗಳಿಂದ ಯಾರೂ ಕೈ ಹಾಕಿರಲಿಲ್ಲ. ಅದರೊಳಗಿಂದ ಹೊನ್ನೆಯ ಸಸಿ, ಗೇರಿನ ಸಸಿ, ಹೆಸರು ಗೊತ್ತಿಲ್ಲದ ಇನ್ನೇನೇನೋ ತಲೆ ಎತ್ತಿದ್ದವು. ಆಚೆ ಮುಂಡಿಗೆಯ ಮುಳ್ಳುಪೊದೆ. ಅದರ ಆಚೆ, ಬರಿ ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ಕಡಲಿನತ್ತ ಹಬ್ಬಿ, ಗಾಳಿ ತಂದ ಮರಳನ್ನು ತನ್ನ ಮೇಲೆ ಗುಡ್ಡೆ ಹಾಕಿಸಿಕೊಂಡು ಮತ್ತೆ ಮೇಲೆ ಬಂದಿತ್ತು. ನಮ್ಮ ಮನೆಯಿಂದ ಇಲ್ಲಿಗೆ ಐದು ನಿಮಿಷದ ದಾರಿ. ಕಾಡು ನೋಡಲು ಬಸ್ಸು ಹತ್ತಿ ಕತಗಾಲದ ಮೇಲಕ್ಕೆ ಹೋಗಿದ್ದೆ. ಸಾಹೇಬರು ಬಗ್ಗಿ ದರಕಿನೊಳಗೆ ಕೈ ಹಾಕಿದರು. ಮೇಲೆ ಒಣ, ಕೆಳಗೆ ತೇವ.

“ಇಲ್ಲಿ ಯಾಕ ಉಡಗಿಲ್ಲ ನೀವು?” ಎಂದು ಅತ್ತೆಯನ್ನು ಕೇಳಿದರು.

“ಇಲ್ಲಿ ಗುಡಿಸಿದ್ರೆ ಮರಳು ನಮ್ಮನೆ ಅನ್ನಕ್ಕೇ ಬೀಳ್ತದೆ ಸಾಹೇಬ್ರೆ. ನನ್ನ ಮದುವೆಗಿಂತ ಮೊದ್ಲು, ಈ ಮರ ಇಲ್ದಿದ್ದಾಗ, ಬೆಳಿಗ್ಗೆ ಎದ್ದು ಬಾಗಿಲು ತೆಗೆಯೂಕೆ ಮರಳು ಬಾಚಬೇಕಾಗಿತ್ತು. ನಮಗೆ ಬುದ್ಧಿ ಇಲ್ದಾ?”

ಆಗ ನಾನು ಮುಂದೆ ಬಂದೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ತಯಾರು ಮಾಡಿಕೊಂಡ ವಾದ ನನ್ನಲ್ಲಿತ್ತು. ಗಂಟೆ ಎಂದರೆ ಮಿತಿ, ಮಳೆಗಾಲದ ಬಿಡುವು ಎಂದರೆ ಸಸಿಗೆ ಅವಕಾಶ, ಈ ಎರಡು ಸಾಲು ಎಂದರೆ ಕೇರಿಯದೇ ಕಾನೂನು ಎಂದು ಒಂದೇ ಉಸಿರಿಗೆ, ಬೆರಳು ಮಡಚುತ್ತ, ತಪ್ಪಿಲ್ಲದೆ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ. ಅದೇ ತೊಂದರೆಯಾಯಿತು. ಸಾಹೇಬರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು ನನ್ನನ್ನು ಮರುಕದಿಂದ ನೋಡಿದರು.

“ಮೊನ್ನೆ ಆ ಕಡೆ, ಇವತ್ತ ಈ ಕಡೆ. ಎರಡೂ ಛಲೋ ಹೇಳ್ತಿ. ನಾ ಯಾವ್ದು ನಂಬಲಿ ಹೇಳು?”

ಅವರು ಕೆಟ್ಟವರಲ್ಲ. ನನ್ನ ಹತ್ತಿರ ಬಂದು, ದನಿ ತಗ್ಗಿಸಿ, ಅಪ್ಪನಿಗೂ ಕೇಳುವ ಹಾಗೆ ಹೇಳಿದರು: “ನೋಡವಾ, ಮಕ್ಕಳು ಸ್ಪರ್ಧೆಗಂತ ಏನೋ ಕಟ್ಟಿ ಹೇಳ್ತಾವು. ಗಂಟಿ ವಿಷಯ ನೀನೂ ಹಂಗ ಕಟ್ಟಿ ಹೇಳಿದ್ದು ಅಂತ ಒಂದು ಮಾತು ಅಂದುಬಿಡು. ನಾ ಹಂಗ ಬರದು ಮುಗಿಸ್ತೀನಿ. ನಿಮ್ಮಪ್ಪ ನಾಳಿಂದ ಕೆಲಸಕ್ಕ ಬರ್ಲಿ. ಕಟ್ಟಿ ಹೇಳಿದ್ದಲ್ಲೇನು?”

ಎಷ್ಟು ಸುಲಭ! ಒಂದು ‘ಹೌದು ಸರ್’ ಸಾಕಿತ್ತು. ನಾನು ಉಸಿರು ತೆಗೆದುಕೊಂಡೆ. ಆ ಉಸಿರಿನ ನಡುವೆ ಅಪ್ಪ ನುಗ್ಗಿದ. ತನ್ನ ಜೀವಮಾನದಲ್ಲಿ ಆತ ಯಾರ ಮಾತಿನ ನಡುವೆಯೂ ಬಾಯಿ ಹಾಕಿದ್ದನ್ನು ನಾನು ಕಂಡವಳಲ್ಲ.

“ಸಾಹೇಬ್ರೆ, ಅದು ಕಟ್ಟಿ ಹೇಳಿದ್ದಲ್ಲ. ಗಂಟೆ ಹೊಡೀತಿದ್ದದ್ದು ಹೌದು. ಎಂತಕೆ ಹೊಡೀತಿದ್ದೆ ಅಂತ ಇವಳಿಗೆ ಗೊತ್ತಿರ್ಲಿಲ್ಲ, ಅಷ್ಟೇಯ. ನೋಡಿದ್ದನ್ನ ನೋಡ್ದಂಗೆ ಹೇಳಿದ್ಲು. ನನ್ನ ಮಗಳು ಸುಳ್ಳು ಹೇಳೂದಿಲ್ಲ.”

ಅತ್ತೆ “ತಮ್ಮಾ!” ಎಂದಳು. ಸಾಹೇಬರು ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, “ನಿಮ್ಮಂಥಾವರನ್ನ ಹೆಂಗ ಉಳಸ್ಕೊಳ್ಳೋದು ಮಾರಾಯಾ” ಎಂದು ಹೇಳಿ ದಿಬ್ಬ ಹತ್ತತೊಡಗಿದರು.

ಅಪ್ಪನ ಕೆಲಸ ಹೋಗಲಿಲ್ಲ, ದಿಬ್ಬ ಹೋಯಿತು. ಸಾಹೇಬರು ತಮ್ಮಿಂದಾದಷ್ಟು ಮಾಡಿದರು: ಅಪ್ಪನನ್ನು ಕತಗಾಲದಾಚೆ ಘಟ್ಟದ ರಸ್ತೆಯ ಒಂದು ಸಸಿಮಡಿಗೆ ಹಾಕಿಸಿದರು. ವಾರಕ್ಕೊಮ್ಮೆ ಮನೆಗೆ. ನಮ್ಮ ದಿಬ್ಬಕ್ಕೆ ಬೇರೆ ವಾಚರ್ ಬಂದ, ನಿಯಮ ತಪ್ಪದ ಮನುಷ್ಯ. ಕೇರಿಯ ಬದಿಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಆತ ಕೂತ ಕಡೆಯಿಂದ ಕಾಣದಿರಲಿ ಎಂದು ಹೆಂಗಸರು ಸುತ್ತು ಹಾಕಿ ಕಡಲ ಬದಿಯಿಂದ ಹತ್ತತೊಡಗಿದರು. ಸಿಕ್ಕಿದ್ದನ್ನು ಸಿಕ್ಕಷ್ಟು ಬಾಚಿಕೊಂಡು ಬರತೊಡಗಿದರು. ಮುಂದಿನ ಬೇಸಿಗೆಗೆ ಆ ಎರಡು ಸಾಲುಗಳ ಬುಡದಲ್ಲಿ ಬೇರು ಕಂಡವು, ನಮ್ಮ ಗಂಜಿಯಲ್ಲಿ ಮರಳು ಕರಕರ ಎಂದಿತು. ಆ ವರ್ಷ ಗಾಳಿಯೂ ಜಾಸ್ತಿಯಿತ್ತು ಎನ್ನುವವರಿದ್ದಾರೆ. ಒಂದು ವರ್ಷದ ಮರಳಿನಿಂದ ನಾನು ಏನನ್ನೂ ಸಾಧಿಸಿ ತೋರಿಸಲಾರೆ. ಬಾಯಲ್ಲಿ ಮರಳು ಸಿಕ್ಕಾಗಲೆಲ್ಲ ಅತ್ತೆ ನನ್ನ ಕಡೆ ನೋಡದೆ ಇರಲು ಪ್ರಯತ್ನಪಡುತ್ತಿದ್ದಳು, ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ನಾನು ಚರ್ಚಾಸ್ಪರ್ಧೆ ಬಿಟ್ಟೆ. ಮಾಸ್ತರು ಎರಡು ಸಲ ಮನೆಗೆ ಬಂದು ಹೋದರು.

ಅಪ್ಪನಿಗೆ ರಜೆ ಸಿಗದ ಒಂದು ಭಾನುವಾರ ನಾನೇ ಒಣಮೀನಿನ ಚಟ್ನಿ ಕಟ್ಟಿಕೊಂಡು ಸಿರಸಿ ಬಸ್ಸು ಹತ್ತಿದೆ. ಸಸಿಮಡಿಯಲ್ಲಿ ಅಪ್ಪ ಸಾಲು ಸಾಲು ಕಪ್ಪು ಚೀಲಗಳ ನಡುವೆ ಕೂತು ಕಳೆ ಕೀಳುತ್ತಿದ್ದ. ಊಟವಾದ ಮೇಲೆ ಕಾಡು ತೋರಿಸಲು ಕರೆದುಕೊಂಡು ಹೋದ. ಮರಳಿನ ಮನುಷ್ಯನಿಗೆ ಕೆಂಪು ಮಣ್ಣಿನಲ್ಲಿ ಕಾಲು ಜಾರುತ್ತಿತ್ತು. ಪ್ರತಿ ಮರದ ಹೆಸರನ್ನೂ ಹೊಸದಾಗಿ ಬಾಯಿಪಾಠ ಮಾಡಿದ ಹುಡುಗನ ಹಾಗೆ ತಡೆದು ತಡೆದು ಹೇಳುತ್ತಿದ್ದ. ಉಪ್ಪಾಗೆ, ರಾಮಪತ್ರೆ, ಇನ್ನೊಂದು ನೆನಪಾಗದೆ “ಅದು ಎಂತದೋ ಅದೆ, ನಾಳೆ ಕೇಳ್ಕಂಡು ಹೇಳ್ತೆ” ಎಂದ. ಜವುಗಿನ ಹತ್ತಿರ ಒಂದು ಬಿದ್ದ ಮರದ ಮೇಲೆ ಕೂತಾಗ ನಾನು ಕೇಳಿದೆ.

“ಅವತ್ತು ನನ್ನ ಎಂತಕೆ ಹೇಳೂಕೆ ಬಿಡ್ಲಿಲ್ಲ? ಒಂದು ಸುಳ್ಳು ಹೇಳಿದ್ರೆ ನೀ ಅಲ್ಲೇ ಇರ್ತಿದ್ದೆ. ಆ ಎರಡು ಸಾಲೂ ಇರ್ತಿತ್ತು.”

ಅಪ್ಪ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಒಂದು ಇಂಬಳವನ್ನು ಬಿಡಿಸಿ ಎಲೆಯ ಮೇಲೆ ಇಟ್ಟ. “ಇರ್ತಿದ್ದೆ” ಎಂದ. “ಆದ್ರೆ ನೀ ಆಮೇಲೆ ಬಾಯಿ ಬಿಡೂಕೆ ಹೆದರ್ತಿದ್ದೆ ಮಗಾ. ನಿಜ ಹೇಳಿದ್ರೆ ಅಪ್ಪನ ಕೆಲ್ಸ ಹೋಗ್ತದೆ, ಸುಳ್ಳು ಹೇಳಿದ್ರೆ ಉಳೀತದೆ ಅಂತ ಕಲ್ತಿದ್ರೆ ಎಂತ ಮಾಡೂದು? ಮರ ಇನ್ನೊಂದು ನೆಡಬಹುದು.”

ನಾನು ಇಂಬಳವಿದ್ದ ಎಲೆಯನ್ನು ಜವುಗಿನ ಕಡೆ ಸರಿಸಿಟ್ಟೆ.

“ಸ್ಪರ್ಧೆಗೆ ಹೆಸ್ರು ಕೊಟ್ಯಾ ಈ ವರ್ಷ?”

“ಇಲ್ಲ.”

“ವಿಷಯ ಎಂತ ಇಟ್ಟಿದ್ರು?”

“ಶಾಲೆಗೆ ಮೊಬೈಲ್ ತರೂಕೆ ಬಿಡಬೇಕಾ ಬೇಡ್ವಾ ಅಂತ.”

“ಬೇಕು” ಎಂದ ಅಪ್ಪ ಕೂಡಲೇ, ಮರದಿಂದ ಎದ್ದು ನಿಂತು. “ನಾ ಬೇಕು ಅಂತ ಹೇಳ್ತೆ. ನೀ ಬೇಡ ಹೇಳು.”

“ಸಾಕ್ಷಿ?”

“ಸಾಕ್ಷಿ ಎಂತಕೆ? ಮಕ್ಕಳ ಹತ್ರ ಫೋನ್ ಇದ್ರೆ, ಘಟ್ಟದ ಮೇಲೆ ಇದ್ದ ಅಪ್ಪಂದಿರಿಗೆ ಮಧ್ಯಾಹ್ನ ಒಂದು ಮಾತು ಮಾತಾಡೂಕೆ ಆಗ್ತದೆ. ಎರಡ್ನೇದು... ಎರಡ್ನೇದು ನಿಲ್ಲು, ಬತ್ತದೆ.”

ರಸ್ತೆಗೆ ಇಳಿಯುವ ತನಕ ಅಪ್ಪ ವಾದಿಸಿದ. ಮೊದಲನೆಯ ಅಂಶಕ್ಕೂ ಮೂರನೆಯದಕ್ಕೂ ವ್ಯತ್ಯಾಸವಿರಲಿಲ್ಲ, ಎರಡನೆಯದು ಬರಲೇ ಇಲ್ಲ, ನಡುವೆ ನನ್ನ ಪಕ್ಷವನ್ನೇ ಹಿಡಿದು ಸ್ವಲ್ಪ ದೂರ ಹೋಗಿ ವಾಪಸ್ಸು ಬಂದ. ಎಲ್ಲೆಲ್ಲಿ ಉಸಿರು ತೆಗೆದುಕೊಂಡನೋ ಅಲ್ಲೆಲ್ಲ ನನಗೆ ಜಾಗವಿತ್ತು. ಸೇತುವೆಯ ಹತ್ತಿರ ಕುಮಟೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಿಗೆ ಬಡಿದು “ಬರೂದಿದ್ರೆ ಹತ್ತೆ ತಂಗಿ, ಮುಂದಿನದು ಎರಡು ತಾಸು ಬಿಟ್ಟು” ಎಂದು ಕೂಗಿದ. ನೀವು ಹೋಗಿ ಎಂದು ನಾನು ಕೈ ಬೀಸಿದೆ. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ.